ಮಾತು ಬೀಸುವ ಕಲ್ಲು

ಹೊಳೆಯ ಈಚೆ ದಡದಲ್ಲಿ ಒಂದು ಊರಿತ್ತು. ಊರಿಗೆ ಹೆಸರೂ ಇತ್ತು. ಆದರೆ ಅದನ್ನು ಹೇಳಿ ಹೇಳಿ ಬೇಸರ ಬಂತೆಂದು ಊರಿನವರು ಒಂದು ವರ್ಷ ಹೆಸರನ್ನೂ ಬೀಸಿಬಿಟ್ಟರು. ಅಂದಿನಿಂದ ಅದು ಬರೀ ಊರು.

ಬೀಸುವುದು ಹೇಗೆಂದರೆ ಹೀಗೆ. ಊರ ನಡುವಿನ ಕಟ್ಟೆಯ ಮೇಲೆ ಒಂದು ಬೀಸುಕಲ್ಲಿತ್ತು. ಸುಗ್ಗಿ ಮುಗಿದು ಕಣ ಬರಿದಾದ ಮೇಲೆ ಒಂದು ದಿನವನ್ನು ಕಾಳಿನ ದಿನ ಎಂದು ಗೊತ್ತು ಮಾಡುತ್ತಿದ್ದರು. ಅಂದು ಮನೆಗೊಬ್ಬರು ಒಂದು ಮುಷ್ಟಿ ರಾಗಿ ತಂದು ಕಟ್ಟೆಯ ಮುಂದೆ ನಿಲ್ಲಬೇಕು. ವರ್ಷವಿಡೀ ಯಾರ ಯಾವ ಮಾತು ಕೇಳಿ ಕೇಳಿ ಕಿವಿ ಉರಿದಿದೆಯೋ ಆ ಮಾತನ್ನು ಮುಷ್ಟಿಯೊಳಗಿನ ರಾಗಿಗೆ ಬಾಯಿಟ್ಟು ಹೇಳಬೇಕು. ಆಡುವವರ ರಾಗದಲ್ಲೇ ಹೇಳಬೇಕು, ಅವರ ಹಾಗೆಯೇ ಕತ್ತು ಕೊಂಕಿಸಬೇಕು, ಅವರ ಹಾಗೆಯೇ ಮೂಗೆಳೆಯಬೇಕು. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಗದೆ ನಿಲ್ಲುತ್ತಿದ್ದವರು ಆ ಮಾತಿನವರು ಮಾತ್ರ.

ಯಾವ ಮಾತಿನ ರಾಗಿಗುಡ್ಡೆ ಎತ್ತರವೋ ಅದು ಕಲ್ಲಿಗೆ. ಬೀಸುವವಳು ಒಂದೊಂದು ಹಿಡಿಗೂ ಆ ಮಾತನ್ನು ಒಮ್ಮೆ ಆಡಿ, ಕಲ್ಲಿನ ಬಾಯಿಗೆ ಸುರಿದು, ಗೂಟ ಹಿಡಿದು ಮೂರು ಸುತ್ತು ತಿರುಗಿಸುತ್ತಿದ್ದಳು. ಕೊನೆಯ ಹಿಡಿ ಹಿಟ್ಟಾದ ಗಳಿಗೆಯಿಂದ ಆ ಮಾತು ಊರಿನ ಯಾರ ನಾಲಿಗೆಗೂ ಬರುತ್ತಿರಲಿಲ್ಲ. ಬಾಯಿ ತೆರೆಯುತ್ತಿತ್ತು, ಉಸಿರು ಬರುತ್ತಿತ್ತು, ಮಾತಿರುತ್ತಿರಲಿಲ್ಲ. ನಾಲ್ಕು ದಿನ ಕಳೆದರೆ ಅಲ್ಲಿ ಏನಿತ್ತೆಂಬುದೂ ಮರೆಯುತ್ತಿತ್ತು. ಹಿಟ್ಟನ್ನು ಹೊಳೆಗೆ ಹಾಕಿ, "ಊರು ಹಗುರಾಯ್ತು" ಎನ್ನುತ್ತಿದ್ದರು.

ನಾವು ಆ ಊರಿನವರಲ್ಲ. ಆದ್ದರಿಂದ ಬೀಸಿಹೋದ ಮಾತುಗಳನ್ನು ನಾವು ಹೇಳಬಹುದು. "ನಾನಾಗಲೇ ಹೇಳಿರಲಿಲ್ವಾ" ಎಂಬುದು ಹೋಯಿತು. "ಸುಮ್ನೆ ಕೇಳ್ದೆ" ಹೋಯಿತು. ಮನೆಗೆ ಬಂದ ಯಾರನ್ನೇ ಕಂಡರೂ "ಎಷ್ಟು ಸೊರಗಿದೀಯಲ್ಲೋ" ಎನ್ನುತ್ತಿದ್ದ ಮುದುಕಿಯೊಬ್ಬಳ ಮಾತು ಹೋಯಿತು. ಅದೇ ಮಳೆಗಾಲದಲ್ಲಿ ಮುದುಕಿಯೂ ಹೋದಳು. ಬಳೆಗಾರನ "ತಪ್ಪು ತಿಳ್ಕೋಬೇಡಿ" ಹೋಯಿತು. ಹಿಂದೆಲ್ಲ ಅವನು "ತಪ್ಪು ತಿಳ್ಕೋಬೇಡಿ ತಾಯಿ, ಕೈ ಸ್ವಲ್ಪ ದಪ್ಪ ಆಗಿದೆ" ಎಂದು ದೊಡ್ಡ ಅಳತೆಯ ಬಳೆ ತೆಗೆಯುತ್ತಿದ್ದ. ಆ ಮಾತು ಹೋದ ಮೇಲೆ ಕೈ ದಪ್ಪವೆಂದು ಹೇಗೆ ಹೇಳಬೇಕೋ ತಿಳಿಯದೆ ಸುಮ್ಮನೆ ಹಳೆಯ ಅಳತೆಯನ್ನೇ ತೊಡಿಸತೊಡಗಿದ. ಬಳೆ ಒಡೆದು ಹೆಂಗಸರ ಮುಂಗೈಯಲ್ಲಿ ರಕ್ತ ಬರುತ್ತಿತ್ತು. ಆದರೂ ಊರು ಹಗುರವಾಗಿತ್ತು.

ಕುಂಬಾರನ ಹೆಂಡತಿ ಪ್ರತಿ ಮಾತಿಗೂ ಮೊದಲು "ಅದೇನಪ್ಪಾ ಅಂದ್ರೆ" ಎನ್ನುತ್ತಿದ್ದಳು. ಹಸು ಕರು ಹಾಕಿದರೂ ಅದೇನಪ್ಪಾ ಅಂದ್ರೆ, ಆವಗೆಯಲ್ಲಿ ಮಡಕೆ ಸೀಳಿದರೂ ಅದೇನಪ್ಪಾ ಅಂದ್ರೆ. ಆ ಮಾತಿಗೆ ಮೊದಲ ಮುಷ್ಟಿ ರಾಗಿ ಹಾಕಿದವನು ಕುಂಬಾರನೇ. ಮಾತು ಹಿಟ್ಟಾಯಿತು. ಮರುದಿನ ಅವಳು ಬಾಯಿ ತೆರೆದಳು. ಮಾತು ಶುರುವಾಗುವ ಹೊಸ್ತಿಲೇ ಇರಲಿಲ್ಲ. ಹೊಸ್ತಿಲಿಲ್ಲದ ಮೇಲೆ ಒಳಗಿದ್ದ ಮಾತು ಹೊರಗೆ ಬರುವುದು ಹೇಗೆ? ಅವಳು ಒಂದು ವರ್ಷ ಹಾಗೆಯೇ ಬಾಯಿ ತೆರೆದು ಮುಚ್ಚಿದಳು. ಆಮೇಲೆ ತೆರೆಯುವುದನ್ನೂ ಬಿಟ್ಟಳು.

ಅಂಥವರಿಗೆ ಊರಿನಲ್ಲಿ ಬೇರೆ ಕಟ್ಟಳೆಯಿತ್ತು. ಬೀಸುವುದು ಮುಗಿದ ಮೇಲೆ ಊರಿಗೆ ಊರೇ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಿತ್ತು. ಗಂಟೆಯವನು ಎಲೆಗಳ ಕಟ್ಟು ಹಿಡಿದು ಒಬ್ಬೊಬ್ಬರ ಮುಂದೆ ನಿಲ್ಲುತ್ತಿದ್ದ. ಏನಾದರೂ ಒಂದು ಮಾತಾಡಿದವರಿಗೆ ಎಲೆ. ಮೂರು ಸಲ ಗಂಟೆ ಬಾರಿಸಿದರೂ ಮಾತಾಡದವರನ್ನು ಹೊಳೆ ದಾಟಿಸಿ ಸದ್ದಿಲ್ಲದ ಮನೆಗೆ ಬಿಡುತ್ತಿದ್ದರು. ಅಲ್ಲಿ ಗಂಜಿಯಿತ್ತು, ನೆರಳಿತ್ತು, ಚಾಪೆಯಿತ್ತು. ಹೋದವರು ತಿರುಗಿ ಬಂದದ್ದಿಲ್ಲ. ಕುಂಬಾರನ ಹೆಂಡತಿ ಮಾತು ಹೋದ ದಿನ ಹೇಗೋ ಒಂದು 'ಹ್ಞೂಂ' ಎಂದು ಎಲೆ ಹಾಕಿಸಿಕೊಂಡಿದ್ದಳು. ಮರುವರ್ಷ ಅದೂ ಬಾರದೆ ಅವಳೂ ಹೋದಳು.

ಇಷ್ಟೆಲ್ಲ ಬೀಸಿದ ಊರಿನಲ್ಲಿ ಬೀಸದೆ ಉಳಿದ ಮಾತೂ ಒಂದಿತ್ತು. ಕಟ್ಟೆಯ ಮೇಲೆ ಕೂರುವ ಹಿರಿಯ ಏನೇ ಹೇಳಿದರೂ ಕೊನೆಗೆ "ಅರ್ಥ ಆಯ್ತಾ?" ಎನ್ನುತ್ತಿದ್ದ. ಕೇಳಿ, ಉತ್ತರಕ್ಕೆ ಕಾಯದೆ ಎದ್ದು ಹೋಗುತ್ತಿದ್ದ. ಅದನ್ನು ಬೀಸಿಸಬೇಕೆಂದು ಎಷ್ಟೋ ಜನ ಮುಷ್ಟಿ ಬಿಗಿಹಿಡಿದು ಮನೆಯಿಂದ ಹೊರಡುತ್ತಿದ್ದರು. ಕಟ್ಟೆ ಹತ್ತಿರ ಬರುವಷ್ಟರಲ್ಲಿ ಮುಷ್ಟಿ ಬೆವರಿ, ಬಾಯಿಗೆ ಇನ್ನಾರದೋ ಮಾತು ಬಂದುಬಿಡುತ್ತಿತ್ತು.

ಬೀಸುವ ಕೆಲಸ ಒಂದು ಮನೆಯ ಹೆಂಗಸರದು, ಅತ್ತೆಯಿಂದ ಸೊಸೆಗೆ. ಈಗ ಬೀಸುವವಳು ದೂರದ ಊರಿಂದ ಬಂದ ಸೊಸೆ. ಎಷ್ಟು ದೂರ ಎಂದರೆ ಮದುವೆಯ ಗಾಡಿ ಹೊರಟಾಗ ಎಳೆಯದಾಗಿದ್ದ ಸೌತೆಕಾಯಿ ತಲುಪುವಷ್ಟರಲ್ಲಿ ಬಲಿತು ಬೀಜವಾಗಿತ್ತು. ಅವಳು ಬಂದ ವರ್ಷ ಊರು ಬೀಸಿದ್ದು ಅವಳದೇ ಒಂದು ಮಾತನ್ನು. ಆಗ ಕಲ್ಲಿನ ಮುಂದೆ ಕೂತಿದ್ದವಳು ಅವಳ ಅತ್ತೆ. ಆ ಮಾತು ಯಾವುದೆಂದು ನಮಗೆ ಗೊತ್ತು. ಆದರೆ ಅದನ್ನು ಅವಳೇ ಹೇಳಲಿ. ಅವಳಿಗೆ ನೆನಪಿದ್ದದ್ದು ಇಷ್ಟೆ: ತಾನು ಏನೋ ಒಂದನ್ನು ಪದೇ ಪದೇ ಹೇಳುತ್ತಿದ್ದೆ, ಹೇಳಿದಾಗಲೆಲ್ಲ ಒಲೆಯ ಮುಂದಿನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಮಾತು ಹೋದ ಮೇಲೆ ತವರೂ ಮಸುಕಾಗುತ್ತ ಬಂತು. ಮೊದಲು ದಾರಿ ಮರೆಯಿತು. ಆಮೇಲೆ ಬಾವಿಯ ಕಟ್ಟೆ. ಆಮೇಲೆ ಅವ್ವನ ಮುಖ.

ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಅತ್ತೆ, ಸೊಸೆ ಇಬ್ಬರೇ. ಕಲ್ಲು ಸೊಸೆಗೆ ಬಂತು. ಆದರೆ ಹಿಟ್ಟನ್ನು ಹೊಳೆಗೆ ಹಾಕುವುದು ಮಾತ್ರ ಹಿರಿಯವಳ ಕೆಲಸ, ಅದು ವಾಡಿಕೆ. ಬೀಸಿದ ಸಂಜೆ ಅತ್ತೆ ಮೊರದಲ್ಲಿ ಹಿಟ್ಟು ತುಂಬಿ, ಮೇಲೆ ಬಟ್ಟೆ ಮುಚ್ಚಿ ಮನೆಗೆ ತಂದು ದೀಪ ತೋರಿಸಿ, ಆಮೇಲೆ ಒಬ್ಬಳೇ ಹೊಳೆಗೆ ಹೋಗಿ ಬರುತ್ತಿದ್ದಳು.

ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಅತ್ತೆ ಏಳುವಾಗ ಅವಳ ಮಾತುಗಳೆಲ್ಲ ತೂತು ಬಿದ್ದ ಕೊಡದ ನೀರಿನಂತೆ ಸೋರಿಹೋಗಿದ್ದವು. ತಳದಲ್ಲಿ ಒಂದೇ ಉಳಿದಿತ್ತು.

"ಮತ್ತಿನ್ನೇನು?"

ಹಸಿವಾದರೆ ತಗ್ಗಿದ ದನಿಯಲ್ಲಿ ಮತ್ತಿನ್ನೇನು. ಬೆನ್ನು ನೋವಾದರೆ ಎಳೆದು ಎಳೆದು ಮತ್ತಿನ್ನೇನು. ಸೊಸೆ ತಲೆಗೆ ಎಣ್ಣೆ ಹಚ್ಚಿದರೆ ಕಣ್ಣು ಮುಚ್ಚಿ, ಬೆಕ್ಕು ಗುರುಗುಟ್ಟಿದ ಹಾಗೆ ಮತ್ತಿನ್ನೇನು. ಸೊಸೆಗೆ ಎಲ್ಲವೂ ತಿಳಿಯುತ್ತಿತ್ತು. ಆದರೆ ಅತ್ತೆ ದಿನವಿಡೀ ಜಗಲಿಯ ಮೇಲೆ ಕೂತು ಬೀದಿಯಲ್ಲಿ ಹೋಗುವ ಬರುವ ಎಲ್ಲರನ್ನೂ ಕೇಳುತ್ತಿದ್ದಳು. ಮೊದಮೊದಲು ಜನ ನಿಂತು ಹೇಳಿದರು. ಮಗಳ ಬಾಣಂತನ ಹೇಳಿದರು, ಎಮ್ಮೆ ಕಳೆದದ್ದು ಹೇಳಿದರು. ಹೇಳಿ ಮುಗಿಸಿದರೆ ಮತ್ತೆ "ಮತ್ತಿನ್ನೇನು?" ಬರಬರುತ್ತ ಜನ ಬೀದಿ ಬದಲಿಸಿದರು.

"ಬಾವಿಗೆ ಬಿದ್ದ ಕೊಡಕ್ಕಾದ್ರೂ ತಳ ಇರುತ್ತೆ, ಆ ಮುದುಕಿ ಕೇಳೋದಕ್ಕೆ ತಳಾನೇ ಇಲ್ಲ" ಎಂದರು ಒಬ್ಬರು.

"ನಾನು ಎಲ್ಲಾ ಹೇಳಿ ಮುಗಿಸಿದ ಮೇಲೂ ಮತ್ತಿನ್ನೇನು ಅಂತಾಳೆ. ಅಂದ್ರೆ ನಾನು ಹೇಳಿದ್ದು ಸಾಲದು ಅಂತ ತಾನೆ? ಅರ್ಥ ಆಯ್ತಾ?" ಎಂದ ಹಿರಿಯ.

ಈ ವರ್ಷದ ಕಾಳಿನ ದಿನಕ್ಕೆ ಇನ್ನೊಂದೇ ದಿನವಿತ್ತು. ನೀರಿಗೆ ಹೋದ ಬೀಸುವವಳಿಗೆ ಬಾವಿಯ ಹತ್ತಿರ ಹೆಂಗಸರು ಕತ್ತು ಮುಂದೆ ಚಾಚಿ, ಬೊಚ್ಚುಬಾಯಿ ಮಾಡಿ, "ಮತ್ತಿನ್ನೇನೂ?" ಎಂದು ಅಭ್ಯಾಸ ಮಾಡುತ್ತಿದ್ದದ್ದು ಕೇಳಿಸಿತು. ಇವಳನ್ನು ಕಂಡು ಎಲ್ಲರೂ ಹಗ್ಗದ ಕಡೆ ತಿರುಗಿದರು. ಹಿಂತಿರುಗುವಾಗ ಗಂಟೆಯವನು ಎದುರಾದ. ಆನೆಮರಿಯಂಥ ಮೈ, ಇಲಿಮರಿಯಂಥ ದನಿ.

"ಅಕ್ಕಾ, ಈ ಸಲ ನಿಮ್ಮತ್ತೆದೇ" ಎಂದ. "ಅದೊಂದು ಹೋದ್ರೆ ಅವರಿಗೆ ಬೇರೆ ಏನಾದ್ರೂ ಬರುತ್ತಾ? ಒಂದು 'ಹ್ಞೂಂ' ಅಂದ್ರೂ ಸಾಕು, ನಾನು ಎಲೆ ಹಾಕಿಬಿಡ್ತೀನಿ."

"ಬರಲ್ಲಪ್ಪ."

"ಹಾಗಾದ್ರೆ ನಾನೇ ಅವರನ್ನ ಹೊಳೆ ದಾಟಿಸಬೇಕು." ಅವನು ಗಂಟೆಯ ನಾಲಗೆಯನ್ನು ಬೆರಳಲ್ಲಿ ಹಿಡಿದುಕೊಂಡ, ಅದು ಸದ್ದು ಮಾಡದ ಹಾಗೆ. "ಜೋಪಾನವಾಗಿ ದಾಟಿಸ್ತೀನಿ ಅಕ್ಕಾ. ಹೆಗಲ ಮೇಲೆ ಹೊತ್ಕೊಂಡು."

ಬೀಸುವವಳು ಮನೆಗೆ ಬಂದು ಕೊಡ ಇಳಿಸಿ ಅತ್ತೆಯ ಎದುರು ಕುಸಿದು ಕೂತಳು. "ಅತ್ತೆ, ನಾಳೆ ನನ್ನ ಕೈಯಲ್ಲೇ ನಿಮ್ಮ ಮಾತನ್ನ ಬೀಸಿಸ್ತಾರೆ. ನಾನೇ ಹಿಡಿ ಹಿಡಿ ಹಾಕಬೇಕು. ಏನು ಮಾಡ್ಲಿ ಹೇಳಿ."

"ಮತ್ತಿನ್ನೇನು?" ಎಂದಳು ಅತ್ತೆ.

ಈ ರಾಗವನ್ನು ಸೊಸೆ ಎಂದೂ ಕೇಳಿರಲಿಲ್ಲ. ಹಸಿವಿನದಲ್ಲ, ನೋವಿನದಲ್ಲ. ಅತ್ತೆ ಗೋಡೆ ಹಿಡಿದು ಎದ್ದಳು. ಸೊಸೆಯ ಕೈ ಹಿಡಿದು ನಡುಮನೆ ದಾಟಿ, ಕಟ್ಟಿಗೆ ಒಟ್ಟುವ ಹಿಂದಿನ ಕೋಣೆಗೆ ಕರೆದೊಯ್ದಳು. ಕಟ್ಟಿಗೆಯ ಹಿಂದೆ ಸೊಂಟದೆತ್ತರದ ಗುಡಾಣವಿತ್ತು. ಹಳೇ ಮಡಕೆ ಚೂರುಗಳಿರಬೇಕೆಂದು ಸೊಸೆ ಇಷ್ಟು ವರ್ಷ ಅದರತ್ತ ನೋಡಿರಲಿಲ್ಲ. ಅತ್ತೆ ಮುಚ್ಚಳ ಸರಿಸಿದಳು.

ಒಳಗೆ ಹಿಟ್ಟು. ಹಿಟ್ಟಿನ ಮೇಲೊಂದು ಮುತ್ತುಗದ ಎಲೆ. ಎಲೆ ಎತ್ತಿದರೆ ಕೆಳಗೆ ಹಿಟ್ಟು, ಅದರ ಕೆಳಗೆ ಮತ್ತೊಂದು ಎಲೆ. ವರ್ಷಕ್ಕೊಂದು ಎಲೆ. ಹುಳು ಬಿದ್ದಿರಲಿಲ್ಲ, ಮುಗ್ಗು ಹಿಡಿದಿರಲಿಲ್ಲ.

ಸೊಸೆ ಅತ್ತೆಯ ಮುಖ ನೋಡಿದಳು. ಅತ್ತೆ ಒಲೆಯ ಕಡೆ ಕೈ ತೋರಿಸಿದಳು, ಬೂದಿ ಬಾಚಿದ ಹಾಗೆ ಮಾಡಿದಳು, ಮೊರಕ್ಕೆ ಸುರಿದ ಹಾಗೆ ಮಾಡಿದಳು, ಹೊಳೆಯ ಕಡೆ ತೂರಿದ ಹಾಗೆ ಮಾಡಿದಳು. ಆಮೇಲೆ ಹಲ್ಲಿಲ್ಲದ ಬಾಯಿ ತುಂಬ ನಕ್ಕಳು. ಇಷ್ಟು ವರ್ಷ ಹೊಳೆಗೆ ಹೋದದ್ದು ಒಲೆಯ ಬೂದಿ!

ಬೀಸುವವಳು ಮೇಲಿನ ಎಲೆಯಡಿಯ ಒಂದು ಚಿಟಿಕೆ ಹಿಟ್ಟನ್ನು ನಾಲಿಗೆಗೆ ಇಟ್ಟಳು. ರಾಗಿಯ ಸಿಹಿ, ಕಲ್ಲಿನ ವಾಸನೆ. ನುಂಗುತ್ತಲೇ ಅವಳ ಬಾಯಿಂದ ತಾನಾಗಿಯೇ ಹೊರಬಂತು: "ತಪ್ಪು ತಿಳ್ಕೋಬೇಡಿ!" ಬಳೆಗಾರನದೇ ದನಿ, ಅವನದೇ ಹಲ್ಲುಕಿರಿತ. ಅವಳು ಬಾಯಿ ಮುಚ್ಚಿಕೊಂಡು ನಕ್ಕಳು. ನಗುತ್ತ ನಗುತ್ತ ಅತ್ತಳು.

ಅತ್ತೆ ಗುಡಾಣದೊಳಗೆ ಭುಜದವರೆಗೆ ತೋಳು ಇಳಿಬಿಟ್ಟು, ಎಲೆಗಳ ಅಂಚನ್ನು ಬೆರಳಲ್ಲೇ ಸವರುತ್ತ ಕೆಳಗೆ, ಇನ್ನೂ ಕೆಳಗೆ ಹೋಗಿ, ಒಂದೆಡೆ ನಿಂತಳು. ಅಲ್ಲಿಂದ ಒಂದು ಹಿಡಿ ತೆಗೆದು, ಸೊಸೆಯ ಸೆರಗಿನ ತುದಿಯಲ್ಲಿ ಗಂಟು ಹಾಕಿದಳು. ಗಂಟಿನ ಮೇಲೆ ಎರಡು ಸಲ ತಟ್ಟಿದಳು.

ಮರುದಿನ ಬಿಸಿಲೇರುವಷ್ಟರಲ್ಲಿ ಕಟ್ಟೆಯ ಮುಂದೆ ಮೂರು ಗುಡ್ಡೆ ಎದ್ದವು. ಎರಡು ಗುಡ್ಡೆ ಇರುವೆಗೂಡಿನಷ್ಟು. ಮೂರನೆಯದು ಮೊಣಕಾಲೆತ್ತರ. ಒಬ್ಬೊಬ್ಬರು ಬಂದು ಬೊಚ್ಚುಬಾಯಿ ಮಾಡಿ ಮತ್ತಿನ್ನೇನು ಅಂದರು, ಜನ ನಕ್ಕರು. ಮತ್ತೊಬ್ಬರು ಬಂದು ಕತ್ತು ಚಾಚಿ ಮತ್ತಿನ್ನೇನು ಅಂದರು, ಜನ ನಕ್ಕರು. ಅತ್ತೆ ಮುಂದಿನ ಸಾಲಿನಲ್ಲಿ ಕೂತಿದ್ದಳು. ತನ್ನ ಮಾತನ್ನು ಇಷ್ಟು ಜನ ಆಡುವುದು ಕಂಡು ಎಲ್ಲರಿಗೂ ತಲೆಯಾಡಿಸುತ್ತಿದ್ದಳು.

"ಬೀಸಮ್ಮಾ" ಎಂದ ಹಿರಿಯ. "ಹೊತ್ತಾಯ್ತು, ಅಡುಗೆ ಆರುತ್ತೆ. ಅರ್ಥ ಆಯ್ತಾ?"

ಬೀಸುವವಳು ಕಲ್ಲಿನ ಮುಂದೆ ಕೂತಳು. ಒಂದು ಹಿಡಿ ರಾಗಿ ತೆಗೆದಳು. ನೋಡಿದಳು. ಗುಡ್ಡೆಗೇ ವಾಪಸ್ಸು ಸುರಿದಳು.

"ನಾನು ಬೀಸಲ್ಲ."

ಜನಕ್ಕೆ ಮೊದಲು ಅದು ತಮಾಷೆಯೆನಿಸಿತು. ಯಾರೋ ಹಿಂದಿನಿಂದ, "ಕೈ ನೋವಾ ಅಕ್ಕಾ? ಎಣ್ಣೆ ಹಚ್ಕೋ" ಎಂದರು.

"ಕೈ ಗಟ್ಟಿಯಾಗಿದೆ. ಬೀಸಲ್ಲ ಅಷ್ಟೆ."

ಹಿರಿಯ ಎದ್ದು ನಿಂತ. "ಬೀಸುವವಳು ಬೀಸ್ಬೇಕು, ಆಡುವವರು ಸಹಿಸ್ಬೇಕು. ಹುಟ್ಟಿದಾಗಿಂದ ನೋಡ್ತಿದೀನಿ, ಈ ಊರು ನಡೆದಿರೋದೇ ಹೀಗೆ. ನಿನ್ನಿಷ್ಟಕ್ಕೆ ತಿರುಗಿಸೋದಕ್ಕೆ ಅದೇನು ನಿಮ್ಮಪ್ಪನ ಮನೆಯಿಂದ ತಂದ ಕಲ್ಲಾ? ಅರ್ಥ ಆಯ್ತಾ?"

ಬೀಸುವವಳು ಸೆರಗಿನ ಗಂಟು ಬಿಚ್ಚಿದಳು. ಹಿಡಿ ಹಿಟ್ಟನ್ನು ಅಷ್ಟೂ ಬಾಯಿಗೆ ಹಾಕಿಕೊಂಡಳು. ಒಣಹಿಟ್ಟು ಗಂಟಲಿಗೆ ಕಟ್ಟಿ ಕೆಮ್ಮಿದಳು, ಕಣ್ಣಲ್ಲಿ ನೀರು ಬಂತು, ಆದರೂ ನುಂಗಿದಳು. ನುಂಗಿ, ಸೊಂಟಕ್ಕೆ ಸೆರಗು ಬಿಗಿದು ಎದ್ದು ನಿಂತು, ಇಪ್ಪತ್ತೇಳು ವರ್ಷದ ಹಿಂದಿನ ಮದುವಣಗಿತ್ತಿಯ ದನಿಯಲ್ಲಿ, ಮೂಗು ಸ್ವಲ್ಪ ಮೇಲೆತ್ತಿ, ಹೇಳಿದಳು:

"ನಮ್ಮೂರಲ್ಲಿ ಹಿಂಗಲ್ಲ!"

ಊರು ಬೆಚ್ಚಿತು. ಎಲ್ಲೋ ಕೇಳಿದ ಮಾತು. ಒಲೆಯ ಮುಂದೆ, ಬಾವಿಯ ಹತ್ತಿರ, ಸಾರಿಗೆ ಉಪ್ಪು ಹಾಕುವಾಗ, ಕಸ ಗುಡಿಸುವಾಗ, ದಿನಕ್ಕೆ ನೂರು ಸಲ ಕೇಳಿ ಹಲ್ಲು ಕಡಿದಿದ್ದ ಮಾತು. ಮುದುಕಿಯೊಬ್ಬಳು, "ಅಯ್ಯೋ, ಶುರು ಮಾಡಿದ್ಲಪ್ಪ" ಎಂದು ತನಗರಿವಿಲ್ಲದೆ ಹಣೆ ಚಚ್ಚಿಕೊಂಡಳು.

"ನಮ್ಮೂರಲ್ಲಿ ಹಿಂಗಲ್ಲ" ಎಂದು ಬೀಸುವವಳು ಇನ್ನೊಮ್ಮೆ ಹೇಳಿದಳು. ಹೇಳುತ್ತಿದ್ದಂತೆ ಅವಳಿಗೆ ದಾರಿ ಕಂಡಿತು, ಬಾವಿಯ ಕಟ್ಟೆ ಕಂಡಿತು, ಕಟ್ಟೆಯ ಮೇಲೆ ಒಂದು ಕಾಲೂರಿ ಹಗ್ಗ ಎಳೆಯುತ್ತಿದ್ದ ಅವ್ವನ ಮುಖ ಕಂಡಿತು. "ನಮ್ಮೂರಲ್ಲಿ ಒಬ್ಬಳು ಅಜ್ಜಿ ಇದ್ಲು. ಎದ್ದರೆ 'ರಾಮ ರಾಮ, ಏನು ಕಾಲ ಬಂತು', ಕೂತರೆ 'ರಾಮ ರಾಮ, ಏನು ಕಾಲ ಬಂತು'. ನಮ್ಮವ್ವನಿಗೆ ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿತ್ತು. 'ಈ ಮುದುಕಿ ಬಾಯಿಗೆ ಬೆಣ್ಣೆ ಮೆತ್ತಬೇಕು' ಅಂತ ಬೈತಿದ್ಲು. ಒಂದು ಬೆಳಿಗ್ಗೆ ಆ ಮಾತು ಕೇಳಿಸ್ಲಿಲ್ಲ. ಬೈತಿದ್ದ ನಮ್ಮವ್ವನೇ ಮೊದಲು ಓಡಿದ್ದು. ಅಜ್ಜಿ ಹಿತ್ತಲಲ್ಲಿ ಜಾರಿಬಿದ್ದು ಕಾಲು ಮುರ್ಕೊಂಡಿದ್ಲು. ನಿಮ್ಮೂರಲ್ಲಾಗಿದ್ರೆ? ಮಾತು ಬೀಸಿ ಹೊಳೆಗೆ ಹಾಕಿರ್ತಿದ್ರಿ. ಅಜ್ಜಿ ಬಿದ್ದಿದಾಳೆ ಅಂತ ಹದ್ದು ಬಂದು ಹೇಳಬೇಕಿತ್ತು."

"ಸಾಕು" ಎಂದ ಹಿರಿಯ. "ಬೀಸಿದ ಮಾತು ಸತ್ತ ಮಾತು. ಅದು ನಿನ್ನ ಬಾಯಿಗೆ ಬಂದದ್ದಾದ್ರೂ ಹೇಗೆ?"

"ಯಜಮಾನ್ರೇ, ಬೀಸಿದ್ರೆ ಕಾಳು ಸಾಯುತ್ತೆ ಅಂತ ನಿಮಗೆ ಯಾರು ಹೇಳಿದ್ದು? ಒಂದು ದಿನ ಕಲ್ಲಿನ ಮುಂದೆ ಕೂತಿದ್ರೆ ತಿಳೀತಿತ್ತು. ಕೂರಲಿಲ್ಲ ನೀವು, ನಿಮ್ಮಪ್ಪ ಕೂರಲಿಲ್ಲ, ನಿಮ್ಮಜ್ಜ ಕೂರಲಿಲ್ಲ. ಅಡುಗೆಮನೆ ಹೊಸ್ತಿಲು ದಾಟದವರು ಮಾಡಿದ ಕಟ್ಟಳೆ ಇದು. ಬೀಸೋದು ಉಣ್ಣೋದಕ್ಕೆ ಯಜಮಾನ್ರೇ. ನಮ್ಮತ್ತೆ ರಾಗಿಹಿಟ್ಟನ್ನ ಹೊಳೆಗೆ ಸುರಿಯುವಂಥ ಹೆಂಗಸಲ್ಲ. ಎಲ್ಲಾ ನಮ್ಮನೆ ಗುಡಾಣದಲ್ಲಿದೆ. ಇಷ್ಟು ವರ್ಷ ನಿಮ್ಮ ಹೊಳೆ ತಿಂದದ್ದು ನಮ್ಮ ಒಲೆಯ ಬೂದಿ."

ಗದ್ದಲವೆದ್ದಿತು. ಹಿರಿಯ ಕೈ ಎತ್ತಿ ಗಂಟೆಯವನಿಗೆ ಹೇಳಿದ: "ಇಬ್ಬರನ್ನೂ ಹೊಳೆ ದಾಟಿಸು. ಅತ್ತೆಗೂ ಎಲೆ ಇಲ್ಲ, ಸೊಸೆಗೂ ಎಲೆ ಇಲ್ಲ. ಅರ್ಥ ಆಯ್ತಾ?"

ಗಂಟೆಯವನು ಗಂಟೆ ಎತ್ತಿದ. ಬಾರಿಸಲಿಲ್ಲ. ಬೀಸುವವಳ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದ: "ಅಕ್ಕಾ, ನಮ್ಮವ್ವಂದು ಏನೋ ಒಂದಿತ್ತು. ಏನಂತ ನೆನಪಿಲ್ಲ. ನಾನು ಮನೆಗೆ ಹೋದಾಗಲೆಲ್ಲ ಅಂತಿದ್ಲು. ಗೆಳೆಯರ ಮುಂದೆ ನಾಚಿಕೆ ಆಗ್ತಿತ್ತು. ಅದೂ ಇದೆಯಾ?"

"ಇದೆಯಪ್ಪ. ಕಟ್ಟಿಗೆ ಕೋಣೆಯಲ್ಲಿದೆ, ಹೊತ್ಕೊಂಡು ಬಾ."

ಅವನು ಒಬ್ಬನೇ ಗುಡಾಣವನ್ನು ತಬ್ಬಿ ಹೊತ್ತು ತಂದು ಕಟ್ಟೆಯ ಮೇಲಿಟ್ಟ. ಅತ್ತೆ ಭುಜದವರೆಗೆ ತೋಳು ಇಳಿಸಿ, ಎಲೆಗಳನ್ನು ಸವರಿ, ಒಂದು ಚಿಟಿಕೆ ತೆಗೆದು ಅವನ ನಾಲಿಗೆಗೆ ಇಟ್ಟಳು. ಆ ದೊಡ್ಡ ಮೈಯಿಂದ ಒಬ್ಬ ಮುದುಕಿಯ ಅಕ್ಕರೆಯ ದನಿ ಬಂತು:

"ಎಷ್ಟು ಸೊರಗಿದೀಯಲ್ಲೋ, ನನ್ನಪ್ಪಾ!"

ಯಾರೂ ನಗಲಿಲ್ಲ. ಗಂಟೆಯವನು ತನ್ನ ದಪ್ಪ ತೋಳನ್ನು ತಾನೇ ಸವರಿಕೊಳ್ಳುತ್ತ ಅಲ್ಲೇ ಕೂತುಬಿಟ್ಟ.

ಆಮೇಲೆ ಊರು ಮುಗಿಬಿತ್ತು. ನನ್ನಜ್ಜನದು, ನನ್ನ ನಾದಿನಿಯದು, ನನ್ನದೇ. ಬಳೆಗಾರ ಗುಡಾಣದ ಹತ್ತಿರವೂ ಬರದೆ ದೂರದಿಂದಲೇ, "ಒಂದು ಚಿಟಿಕೆ ಇತ್ತ ಕಳಿಸಿ" ಎಂದ, ನಾಲಿಗೆಗೆ ಬಿದ್ದ ತಕ್ಷಣ, "ತಪ್ಪು ತಿಳ್ಕೋಬೇಡಿ, ಈ ಊರಿನ ಹೆಂಗಸರಲ್ಲಿ ಒಬ್ಬರ ಕೈಗೂ ಎರಡೂವರೆ ಅಳತೆ ಬಳೆ ಆಗಲ್ಲ!" ಎಂದು ಇಡೀ ವರ್ಷ ಕಟ್ಟಿಟ್ಟದ್ದನ್ನು ಒಂದೇ ಉಸಿರಿಗೆ ಹೇಳಿದ. ಹೆಂಗಸರು ಬೈದರು, ನಕ್ಕರು. ಕಟ್ಟೆಯ ಸುತ್ತ ಹಳೆಯ ಮಾತುಗಳು ಜೇನುಗೂಡಿಗೆ ಕಲ್ಲು ಹೊಡೆದಂತೆ ಎದ್ದವು. ಕಿವಿ ಚಿಟ್ಟು ಹಿಡಿಯುವ ಸದ್ದು. ಅದರ ನಡುವೆ ಯಾರೋ ಊರಿನ ಹೆಸರನ್ನು ಕೂಗಿದರು. ಎಲ್ಲರೂ ಒಂದು ಗಳಿಗೆ ತಿರುಗಿ ನೋಡಿದರು, ತಮ್ಮನ್ನೇ ಯಾರೋ ಕರೆದ ಹಾಗೆ.

ಆಗ ಆ ಗುಂಪಿನಿಂದ ಇನ್ನೊಂದು ಕೂಗು ಎದ್ದಿತು. "ಬೀಸೋದೇ ಆದ್ರೆ ಇವನ 'ಅರ್ಥ ಆಯ್ತಾ' ಬೀಸೋಣ!"

"ಹೌದು, ಅದನ್ನ ಬೀಸು!"

ಇಷ್ಟು ವರ್ಷ ಬೆವರಿದ ಮುಷ್ಟಿಗಳು ಒಮ್ಮೆಲೇ ತೆರೆದವು. ಅತ್ತೆಯ ಗುಡ್ಡೆಯ ರಾಗಿಯನ್ನೇ ಬಾಚಿ ಬಾಚಿ, ಬಾಯಿಟ್ಟು ಅರ್ಥ ಆಯ್ತಾ, ಅರ್ಥ ಆಯ್ತಾ ಎಂದು ಕಿರುಚಿ ಕಲ್ಲಿನ ಪಕ್ಕಕ್ಕೆ ಸುರಿದರು. ಹಿರಿಯ ಕಟ್ಟೆಯ ಮೂಲೆಗೆ ಸರಿದ. ಅವನ ಹೆಗಲ ಮೇಲಿನ ವಲ್ಲಿ ಜಾರಿ ಕೆಳಗೆ ಬಿತ್ತು.

"ಬೀಸಕ್ಕಾ! ಬೀಸು!"

ಬೀಸುವವಳು ಗುಡ್ಡೆ ನೋಡಿದಳು. ಕಲ್ಲು ನೋಡಿದಳು. ತನ್ನನ್ನೂ ತನ್ನ ಅತ್ತೆಯನ್ನೂ ಈಗಷ್ಟೇ ಹೊಳೆ ದಾಟಿಸಲು ಹೇಳಿದ ಆ ಮನುಷ್ಯನನ್ನು ನೋಡಿದಳು. ಒಂದು ಹಿಡಿ, ಮೂರು ಸುತ್ತು. ಕೈ ಕೂಡ ತುರಿಸಿತು. ಆಮೇಲೆ ಅವಳು ಬೀಸುಕಲ್ಲಿನ ಮೇಲೆ, ಅದರ ಬಾಯಿ ಮುಚ್ಚುವಂತೆ, ಚಕ್ಕಳಮಕ್ಕಳ ಹಾಕಿ ಕೂತಳು.

"ಇದನ್ನೂ ಬೀಸಲ್ಲ."

"ಏಳಕ್ಕಾ ಮೇಲೆ!"

"ಏಳಲ್ಲ."

"ಇವನಿಗ್ಯಾಕೆ ಕನಿಕರ?"

"ಕನಿಕರ ಯಾರಿಗೆ ಬೇಕು? ಇವರ ಮಾತು ಕೇಳಿದ್ರೆ ನನಗೂ ಮೈ ಉರಿಯುತ್ತೆ. ಉರೀಲಿ. ನಾಳೆ ಉರಿದಾಗ ಇವರ ಮುಖಕ್ಕೇ ಹೇಳ್ತೀನಿ. ನೀವೂ ಹೇಳಿ. ಹೇಳೋ ಧೈರ್ಯ ಇಲ್ಲದೆ ತಾನೆ ಇಷ್ಟು ವರ್ಷ ಮುಷ್ಟಿಯಲ್ಲಿ ರಾಗಿ ಹಿಡ್ಕೊಂಡು ಬಂದದ್ದು?"

ಎತ್ತಿದ ಮುಷ್ಟಿಗಳು ಒಂದೊಂದಾಗಿ ಕೆಳಗಿಳಿದವು. ಹಿರಿಯ ಕೆಳಗೆ ಬಿದ್ದ ವಲ್ಲಿ ಎತ್ತಿಕೊಂಡ. ಬಾಯಿ ತೆರೆದ. ಮಾತು ಬಾರದೆ ಹೋದೀತೆಂಬ ಹೆದರಿಕೆ ಆ ಮುಖದಲ್ಲಿ ಮೊದಲ ಸಲ ಕಂಡಿತು.

"ಅರ್ಥ... ಆಯ್ತಾ?" ಎಂದ. ಎಂದು, ಹೊರಟು ಹೋಗದೆ, ನಿಂತ.

ಆ ಪ್ರಶ್ನೆಗೆ ಆ ಊರಿನಲ್ಲಿ ಯಾರೂ ಎಂದೂ ಉತ್ತರ ಕೊಟ್ಟಿರಲಿಲ್ಲ. ಬೀಸುವವಳು ಕಲ್ಲಿನ ಮೇಲಿಂದಲೇ ಕೊಟ್ಟಳು.

"ಆಯ್ತು ಯಜಮಾನ್ರೇ, ಚೆನ್ನಾಗಿ ಅರ್ಥ ಆಯ್ತು. ಆದ್ರೂ ಬೀಸಲ್ಲ."

ಇಷ್ಟು ಹೊತ್ತೂ ಕುಂಬಾರ ಗುಡಾಣದ ಹತ್ತಿರ ಬಂದಿರಲಿಲ್ಲ. ಗಲಾಟೆ ಇಳಿದ ಮೇಲೆ ಒಂದು ಹೊಸ ಕುಡಿಕೆ ಹಿಡಿದು ಬಂದು ನಿಂತ. ಅವನ ಬೆರಳ ಸಂದಿಯಲ್ಲಿ ಇನ್ನೂ ಹಸಿಮಣ್ಣಿತ್ತು.

"ನನಗೆ ಬೇಡ" ಎಂದ. "ಅವಳದು ಯಾವ ಎಲೆಯ ಕೆಳಗಿದೆಯೋ ಅದನ್ನ ಇದಕ್ಕೆ ಹಾಕಿ. ಅಷ್ಟನ್ನೂ ಹಾಕಿ."

ಅತ್ತೆ ಹಾಕಿದಳು. ಕುಂಬಾರ ಕುಡಿಕೆಯನ್ನು ಎದೆಗವಚಿಕೊಂಡು ಹೊಳೆಯ ಕಡೆ ನಡೆದ. ಬೀಸುವವಳು ಕಲ್ಲಿನಿಂದ ಇಳಿಯುವ ಮೊದಲು ಗೂಟ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡಳು, ತಾನಿಲ್ಲದಾಗ ಯಾರೂ ತಿರುಗಿಸದಿರ‍ಲೆಂದು. ಆಮೇಲೆ ಗಂಟೆಯವನಿಗೆ ಹೇಳಿದಳು: "ಹೊಳೆ ದಾಟಿಸ್ತೀನಿ ಅಂದಿದ್ದೆಯಲ್ಲ, ದಾಟಿಸು. ಅತ್ತೆ ಒಂದು ಹೆಗಲಿಗೆ, ಗುಡಾಣ ಇನ್ನೊಂದಕ್ಕೆ. ಆ ಕಡೆಯವರದೂ ಇದರಲ್ಲಿದೆ."

ಸದ್ದಿಲ್ಲದ ಮನೆಯಲ್ಲಿ ಗೋಡೆಗೊರಗಿ ಜನ ಕೂತಿದ್ದರು. ಕುಂಬಾರನ ಹೆಂಡತಿ ಕಿಟಕಿಯ ಹತ್ತಿರದ ಚಾಪೆಯ ಮೇಲಿದ್ದಳು. ಅವನು ಹಿಟ್ಟನ್ನು ಬಿಸಿನೀರಿನಲ್ಲಿ ಕಲಸಿ, ಅಂಬಲಿ ಮಾಡಿ, ಕುಡಿಕೆಯನ್ನು ಅವಳ ತುಟಿಗೆ ಹಿಡಿದ. ಅವಳು ಗಂಡನ ಮುಖ ನೋಡಿದಳು. ಮೊದಲ ಮುಷ್ಟಿ ಹಾಕಿದವನ ಮುಖ. ಬಹಳ ಹೊತ್ತು ನೋಡಿದಳು. ಆಮೇಲೆ ಕುಡಿದಳು. ಕುಡಿದು, ತುಟಿ ಒರೆಸಿಕೊಂಡು, ಗಂಟಲು ಸರಿಮಾಡಿಕೊಂಡಳು.

"ಅದೇನಪ್ಪಾ ಅಂದ್ರೆ..."

ಮತ್ತೆ ಅವಳು ನಿಲ್ಲಲಿಲ್ಲ. ಅದೇನಪ್ಪಾ ಅಂದ್ರೆ, ನೀನು ಆ ದಿನ ರಾಗಿ ಹಾಕಿದಾಗ ನಿನ್ನ ಕೈ ನಡುಗ್ಲಿಲ್ಲ. ಅದೇನಪ್ಪಾ ಅಂದ್ರೆ, ನಾನು ನೋಡಿದೆ. ಅದೇನಪ್ಪಾ ಅಂದ್ರೆ, ಇಲ್ಲಿ ಗಂಜಿಗೆ ಉಪ್ಪು ಹಾಕಲ್ಲ, ಉಪ್ಪು ಅಂತ ಕೇಳೋದಕ್ಕೆ ಬಾಯಿಲ್ಲ. ಅದೇನಪ್ಪಾ ಅಂದ್ರೆ, ಹಸು ಏನಾಯ್ತು. ಹೇಳಿದಳು, ಬೈದಳು, ಕೇಳಿದಳು, ಅತ್ತಳು, ಮತ್ತೆ ಬೈದಳು. ಗೋಡೆಗೊರಗಿದವರು ಒಬ್ಬೊಬ್ಬರಾಗಿ ಅವಳತ್ತ ತಿರುಗಿದರು. ಕುಂಬಾರನಿಗೆ ಹಳೆಯ ಕಿರಿಕಿರಿ ಕುತ್ತಿಗೆಯ ಹಿಂದಿನಿಂದ ಇರುವೆಯ ಹಾಗೆ ಏರತೊಡಗಿತು. ಒಂದು ಸಲ ಹೊರಗೆ ಹೋಗಿ ಬೀಡಿ ಸೇದಿ ಬರಲೇ ಎನಿಸಿತು.

ಹೇಳಿ ಹೇಳಿ, ಕೊನೆಗೆ ಅವಳು ಉಸಿರು ತೆಗೆದುಕೊಳ್ಳಲು ನಿಂತಳು.

ಬಾಗಿಲಲ್ಲಿ ಕೂತಿದ್ದ ಅತ್ತೆ ಕತ್ತು ಮುಂದೆ ಚಾಚಿ, ಕಣ್ಣರಳಿಸಿ ಕೇಳಿದಳು:

"ಮತ್ತಿನ್ನೇನು?"

ಕುಂಬಾರ ತಲೆಯ ಮೇಲೆ ಕೈ ಹೊತ್ತುಕೊಂಡ. ಆದರೆ ಏಳಲಿಲ್ಲ.